ಮನೆಗೆ ಬರುವ ದಾರಿ ಬೇರೆ, ಹಾದುಹೋಗುವ ದಾರಿ ಬೇರೆ: ನಗರ ಸಲಹಾ ಆಯೋಗಕ್ಕೆ ಒಂದು ಬಹಿರಂಗ ಪತ್ರ

ನಗರ ಸಲಹಾ ಆಯೋಗದ ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ಕೆರೆ ಪಕ್ಕದ ರಸ್ತೆಯಲ್ಲಿ ಇರುವವರಲ್ಲಿ ನಾನೂ ಒಬ್ಬಳು. ಕಳೆದ ಸಭೆಗೆ ಬಂದಿದ್ದೆ. ಒಬ್ಬೊಬ್ಬರಿಗೆ ಎರಡು ನಿಮಿಷ ಅಂದಿರಿ. ನಾನು ರಸ್ತೆ ಯಾವುದು, ಮನೆ ಎಲ್ಲಿ ಅಂತ ಹೇಳಿ ಮುಗಿಸುವಷ್ಟರಲ್ಲಿ ಸಮಯ ಆಯಿತು, ಕೂತುಕೊಂಡೆ. ಆ ದಿನ ಮಾತಾಡುವವರು ಜಾಸ್ತಿ ಇದ್ದರು, ನಿಮಗೂ ಬೇರೆ ದಾರಿ ಇರಲಿಲ್ಲ ಅನ್ನುವುದು ಗೊತ್ತು. ಆದರೆ ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದನ್ನು ಈಗ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಮಾತು ಒಪ್ಪದ ನೆರೆಯವರೂ ಇದ್ದಾರೆ. ಅವರಿಗೂ ಉತ್ತರ ಕೊಡಬೇಕಲ್ವಾ.

ನಿಮ್ಮ ಮುಂದೆ ಎರಡು ಅರ್ಜಿ ಇವೆ. ಒಂದು ನಮ್ಮದು. ರಸ್ತೆಯ ಮಧ್ಯದಲ್ಲಿ ಒಂದು ಕಡೆ ಕಂಬ ನೆಟ್ಟು, ಈ ತುದಿಯಿಂದ ಬಂದ ಕಾರು ಆ ತುದಿಗೆ ಹಾಯದಂತೆ ಮಾಡಿ ಅಂತ ಕೇಳಿದ್ದೇವೆ. ನಡೆಯುವವರು, ಸೈಕಲ್ಲಿನವರು, ಗಾಲಿಕುರ್ಚಿಯವರು ಆರಾಮಾಗಿ ದಾಟಬಹುದು. ಇನ್ನೊಂದು ಅರ್ಜಿ ಅದಕ್ಕೆ ತದ್ವಿರುದ್ಧ. ರಸ್ತೆಯನ್ನು ಕೆರೆಯ ಕಡೆಗೆ ಎರಡು ಮೀಟರ್ ಅಗಲ ಮಾಡಿ, ಜೊತೆಗೆ ಇಂಥ ಸಣ್ಣ ಕಾಮಗಾರಿಗಳಿಗೆ ಪರಿಸರ ಪರಿಶೀಲನೆ ಬೇಡ ಅಂತ ನಿಯಮವನ್ನೇ ಸಡಿಲ ಮಾಡಿ ಅನ್ನುವುದು. ಕಾರ್ಯಸೂಚಿಯಲ್ಲಿ ಎರಡನ್ನೂ ಸೇರಿಸಿ ‘ಸ್ಥಳೀಯರ ರಸ್ತೆ ಪ್ರವೇಶ ಮತ್ತು ಪರಿಸರ ನಿಯಮ’ ಅಂತ ಬರೆದಿದ್ದೀರಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಜನ, ಇನ್ನೊಂದು ತಟ್ಟೆಯಲ್ಲಿ ಕೆರೆ ಇಟ್ಟ ಹಾಗಾಯಿತು. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ಪ್ರವೇಶ ಅಂದರೇನು? ನಾನು ನನ್ನ ಮನೆ ಬಾಗಿಲು ಮುಟ್ಟುವುದು ಪ್ರವೇಶ. ನೆಂಟರು ಬರುವುದು, ಸಾಮಾನಿನ ವ್ಯಾನು ಬರುವುದು, ಕಸದ ಲಾರಿ, ಆಂಬುಲೆನ್ಸ್ ಬರುವುದು ಪ್ರವೇಶ. ಎಲ್ಲಿಂದಲೋ ಎಲ್ಲಿಗೋ ಹೊರಟವರು ಎರಡು ಸಿಗ್ನಲ್ ತಪ್ಪಿಸಲು ನಮ್ಮ ಬೀದಿಗೆ ನುಗ್ಗಿ ಆಚೆ ಹೊರಡುವುದಕ್ಕೆ ಬೇರೆ ಹೆಸರಿದೆ. ಅದು ಹಾದುಹೋಗುವುದು. ಈ ಎರಡಕ್ಕೂ ಒಂದೇ ಪದ ಬಳಸಿದ್ದರಿಂದಲೇ ಸಭೆಯಲ್ಲಿ ಅಷ್ಟೊಂದು ಗೊಂದಲ ಆಯಿತು. ಕಂಬ ನೆಟ್ಟರೆ ನಮ್ಮ ರಸ್ತೆಯ ಒಂದೇ ಒಂದು ಮನೆಗೂ ಕಾರು ಹೋಗುವುದು ನಿಲ್ಲುವುದಿಲ್ಲ. ಯಾವ ತುದಿಯಿಂದ ಒಳಗೆ ಬರಬೇಕು ಅನ್ನುವುದು ಮಾತ್ರ ಬದಲಾಗುತ್ತದೆ.

ಮೊನ್ನೆ ಕೆಲಸದ ದಿನ, ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಅಡುಗೆಮನೆ ಕಿಟಕಿ ಹತ್ತಿರ ನೋಟ್‌ಬುಕ್ ಹಿಡಿದು ಕೂತೆ. ಗಾಡಿಗೊಂದು ಗೀಟು. ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆಯುವುದು, ಚಿಕ್ಕವರಿದ್ದಾಗ ಎಣಿಸುತ್ತಿದ್ದೆವಲ್ಲ, ಹಾಗೆ. ಒಂದು ಗಂಟೆಯಲ್ಲಿ ಎರಡು ಪುಟ ತುಂಬಿದವು. ನಮ್ಮ ರಸ್ತೆಯ ಯಾವುದೋ ಮನೆ ಮುಂದೆ ನಿಂತ ಅಥವಾ ಮನೆಯಿಂದ ಹೊರಟ ಗಾಡಿಗಳಿಗೆ ಬೇರೆ ಗುರುತು ಹಾಕಿದ್ದೆ. ಅವನ್ನು ಎಣಿಸಲು ಎರಡು ಕೈಯ ಬೆರಳು ಸಾಕಾದವು. ಉಳಿದವರೆಲ್ಲ ಹಾದುಹೋದವರು. ಅವರನ್ನೂ ಬೈಯುವುದಿಲ್ಲ. ಫೋನಿನ ಆ್ಯಪ್ ಎಡಕ್ಕೆ ತಿರುಗಿ ಅಂದರೆ ತಿರುಗುತ್ತಾರೆ, ಅಷ್ಟೇ. ಆದರೆ ಆ್ಯಪ್‌ಗೆ ನಮ್ಮ ರಸ್ತೆಯಲ್ಲಿ ಕಾಲುದಾರಿ ಇಲ್ಲ ಅನ್ನುವುದು ಗೊತ್ತಿಲ್ಲ. ತಿರುವಿನಲ್ಲಿ ಮಕ್ಕಳು ಗೋಡೆಗೆ ಬೆನ್ನು ಅಂಟಿಸಿಕೊಂಡು ನಿಂತು ಗಾಡಿ ಹೋಗಲಿ ಅಂತ ಕಾಯುವುದೂ ಗೊತ್ತಿಲ್ಲ.

ನಮ್ಮ ಎದುರು ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮುಂಚೆ ಸಂಜೆ ಹೊತ್ತು ಹೆಣಿಗೆಯ ಚೀಲ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು, ಅಪ್ಪನ ಜೊತೆ ಮಾತಾಡುತ್ತಾ ಕೂರುತ್ತಿದ್ದರು. ಈಗ ಬರುವುದಿಲ್ಲ. ಮುನಿಸೇನಿಲ್ಲ, ರಸ್ತೆ ದಾಟಲು ಭಯ. ಕಿಟಕಿಯಿಂದ ಕೈ ಬೀಸುತ್ತಾರೆ. ಅಪ್ಪ ಈ ಕಡೆಯಿಂದ ಬೀಸುತ್ತಾರೆ. ಏಳೆಂಟು ಹೆಜ್ಜೆ ಅಗಲದ ರಸ್ತೆ ಅದು.

ಇದು ನಮ್ಮೊಬ್ಬರ ಕತೆ ಅಲ್ಲ. ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸಕರು 1969ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದ್ದರು. ಮೂರೂ ನೋಡಲು ಹೆಚ್ಚುಕಡಿಮೆ ಒಂದೇ ಥರದ ಬೀದಿಗಳು. ದೊಡ್ಡ ವ್ಯತ್ಯಾಸ ಗಾಡಿಗಳದ್ದು: ದಿನಕ್ಕೆ ಸುಮಾರು 2,000, 8,000 ಮತ್ತು 16,000. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರು. ಜಾಸ್ತಿ ಇದ್ದ ಬೀದಿಯಲ್ಲಿ ಸರಾಸರಿ ಒಂದಕ್ಕಿಂತ ಕಡಿಮೆ, 0.9. ಗಾಡಿ ಹೆಚ್ಚಿದ ಬೀದಿಯಲ್ಲಿ ಜನ ಮುಂದಿನ ಕೋಣೆ ಬಿಟ್ಟು ಹಿಂದಿನ ಕೋಣೆಗೆ ಸರಿದಿದ್ದರು. ಇದನ್ನು ಓದಿದಾಗ ಅಜ್ಜಿ ಕೈ ಬೀಸುವುದು ಕಣ್ಣಿಗೆ ಕಟ್ಟಿತು.

ಇನ್ನು ನೆರೆಯವರ ಆತಂಕಗಳಿಗೆ ಬರುತ್ತೇನೆ. ಮೊದಲನೆಯದು, ‘ನಡೆಯಲಾಗದವರ ಗತಿ ಏನು?’ ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಗೌರವ ಇದೆ, ಯಾಕೆಂದರೆ ನನ್ನ ಮನೆಯಲ್ಲೇ ಅಪ್ಪ ಇದ್ದಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಕಾರು ಬಾಗಿಲ ತನಕ ಬರಲೇಬೇಕು, ಹತ್ತು ಹೆಜ್ಜೆ ದೂರ ನಿಂತರೂ ಆಗುವುದಿಲ್ಲ. ಕಂಬ ಬಂದರೆ ನಾವು ಆಸ್ಪತ್ರೆಗೆ ಹೋಗುವಾಗ ಒಂದು ಸುತ್ತು ಜಾಸ್ತಿ ಹಾಕಬೇಕಾಗುತ್ತದೆ. ಅದನ್ನು ಲೆಕ್ಕ ಹಾಕಿಯೇ ಅರ್ಜಿಗೆ ಸಹಿ ಮಾಡಿದ್ದೇನೆ. ಈಗ ಅಪ್ಪನನ್ನು ಗಾಲಿಕುರ್ಚಿಯಿಂದ ಕಾರಿಗೆ ಕೂರಿಸುವಾಗ ಹಿಂದೆ ನಾಲ್ಕು ಕಾರು ಸಾಲು ನಿಲ್ಲುತ್ತವೆ, ಐದನೆಯವರು ಹಾರ್ನ್ ಹೊಡೆಯುತ್ತಾರೆ, ಅಪ್ಪ ಗಾಬರಿಯಲ್ಲಿ ಕಾಲು ಎಳೆದುಕೊಳ್ಳಲು ನೋಡಿ ನೋವು ಮಾಡಿಕೊಳ್ಳುತ್ತಾರೆ. ಆ ಒಂದು ಸುತ್ತು ನಮಗೆ ಏನೂ ಅಲ್ಲ.

ಆಂಬುಲೆನ್ಸ್ ಮತ್ತು ಅಗ್ನಿಶಾಮಕದ ಮಾತು ನ್ಯಾಯವಾದದ್ದು. ಅದಕ್ಕೆ ಬೀಗ ತೆಗೆದು ಮಡಚುವ ಕಂಬಗಳಿವೆ. ಕಂಬವೇ ಇಲ್ಲದೆ ಕ್ಯಾಮೆರಾ ಇಟ್ಟು, ತುರ್ತು ಗಾಡಿಗಳನ್ನು ಬಿಟ್ಟು ಉಳಿದವರಿಗೆ ದಂಡ ಹಾಕುವ ಪದ್ಧತಿಯೂ ಇದೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಆ ಗಾಡಿ ಓಡಿಸುವವರನ್ನೇ ಕರೆದು ಕೇಳಿ. ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಹಾದುಹೋಗುವ ಕಾರುಗಳನ್ನು ಊರಿಗೆ ಊರೇ ಹೀಗೆ ತಡೆದ ಉದಾಹರಣೆ ಇದೆ. ನೆದರ್‌ಲ್ಯಾಂಡ್ಸಿನ ಗ್ರೊನಿಂಗೆನ್ 1977ರಲ್ಲೇ ನಗರದ ನಡುಭಾಗವನ್ನು ನಾಲ್ಕು ತುಂಡು ಮಾಡಿತು. ಬೆಲ್ಜಿಯಂನ ಘೆಂಟ್ ನಗರ 2017ರ ಏಪ್ರಿಲ್‌ನಲ್ಲಿ ನಡುವಿನ ಕಾರಿಲ್ಲದ ಪ್ರದೇಶದ ಸುತ್ತ ಆರು ಭಾಗ ಮಾಡಿತು. ಆ ಭಾಗಗಳಿಗೆ ಕಾರಿನಲ್ಲಿ ಹೋಗಬಹುದು. ಆದರೆ ಒಂದು ಭಾಗದಿಂದ ಪಕ್ಕದ ಭಾಗಕ್ಕೆ ಕಾರಿನಲ್ಲಿ ನೇರ ಹಾಯುವ ಹಾಗಿಲ್ಲ, ಹೊರಗಿನ ವರ್ತುಲ ರಸ್ತೆಗೆ ಹೋಗಿಯೇ ಬರಬೇಕು. ನಾವು ಕೇಳುತ್ತಿರುವುದು ಅದರಲ್ಲಿ ಒಂದು ಚೂರು. ಒಂದು ರಸ್ತೆ, ಒಂದು ಕಡೆ ಕಂಬ.

‘ನಿಮ್ಮಲ್ಲಿ ಮುಚ್ಚಿದರೆ ನಮ್ಮಲ್ಲಿ ಬಂದು ಬೀಳುತ್ತೆ’ ಅಂತ ಪಕ್ಕದ ರಸ್ತೆಯವರು ಸಭೆಯಲ್ಲಿ ಎದ್ದು ನಿಂತು ಹೇಳಿದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನಾನು ಆ ರಸ್ತೆಯಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬ್ರಿಟನ್ನಿನ ಸಂಶೋಧಕರು 11 ದೇಶಗಳ 70ಕ್ಕೂ ಹೆಚ್ಚು ಇಂಥ ಪ್ರಸಂಗಗಳನ್ನು ಕೂಡಿಹಾಕಿ ನೋಡಿ 2002ರಲ್ಲಿ ಪ್ರಕಟಿಸಿದ್ದಾರೆ. ರಸ್ತೆ ಕಡಿಮೆ ಮಾಡಿದ ಜಾಗಗಳಲ್ಲಿ ಅರ್ಧದಷ್ಟು ಕಡೆ, ಅಕ್ಕಪಕ್ಕದ ಬೀದಿಗಳ ಲೆಕ್ಕ ಸೇರಿಸಿಯೂ, ಮುಂಚಿನ ಗಾಡಿಗಳಲ್ಲಿ 11 ಶೇಕಡಾಕ್ಕಿಂತ ಜಾಸ್ತಿ ಕಾಣೆಯಾಗಿದ್ದವು. ಜನ ಹೊತ್ತು ಬದಲಿಸುತ್ತಾರೆ, ಎರಡು ಕೆಲಸ ಒಂದೇ ಸಲ ಮುಗಿಸುತ್ತಾರೆ, ಹತ್ತಿರದ್ದಕ್ಕೆ ನಡೆದು ಹೋಗುತ್ತಾರೆ. ಆದರೆ ಎಲ್ಲ ಕಡೆ ಒಂದೇ ಥರ ಆಗಲಿಲ್ಲ ಅನ್ನುವುದನ್ನೂ ಅದೇ ವರದಿ ಹೇಳುತ್ತದೆ. ಹಾಗಾಗಿ ಪಕ್ಕದ ರಸ್ತೆಯಲ್ಲೂ ಮುಂಚೆ ಎಣಿಸಿ, ಆಮೇಲೆ ಎಣಿಸಿ. ಅಲ್ಲಿ ಹೊರೆ ಬಿದ್ದರೆ ಆ ರಸ್ತೆಗೂ ಇದೇ ರಕ್ಷಣೆ ಕೊಡಿ. ಅವರ ಜೊತೆ ನಿಂತು ಕೇಳಲು ನಾವೂ ಬರುತ್ತೇವೆ.

ಅಗಲ ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನುವವರಿಗೆ ಒಂದೇ ಮಾತು. ಅಗಲವಾದ ರಸ್ತೆ ಕಂಡರೆ ಆ್ಯಪ್ ಇನ್ನಷ್ಟು ಜನರನ್ನು ಕಳಿಸುತ್ತದೆ, ಬಂದವರು ಇನ್ನೂ ಜೋರಾಗಿ ಓಡಿಸುತ್ತಾರೆ. ಸರಾಸರಿ ವೇಗ 1 ಶೇಕಡಾ ಏರಿದರೆ ಸಾವು ತರುವ ಅಪಘಾತದ ಅಪಾಯ 4 ಶೇಕಡಾ ಏರುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಜನ ಮತ್ತು ಗಾಡಿ ಒಟ್ಟಿಗೆ ಓಡಾಡುವ ಕಡೆ ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಅಂತ, ರಸ್ತೆ ಸುರಕ್ಷತೆಗಾಗಿ ಹಲವು ದೇಶಗಳ ಸಚಿವರು ಸೇರಿ ಮಾಡಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳುತ್ತದೆ. ನಮ್ಮದು ಅಂಥದೇ ರಸ್ತೆ.

ಈಗ ಕೆರೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಸಭೆಯಲ್ಲಿ ಇದರ ಬಗ್ಗೆ ಯಾರೂ ಮಾತಾಡಲಿಲ್ಲ.

ನಮ್ಮ ಗೇಟಿನ ಎದುರು ಮಳೆನೀರು ಇಳಿಯುವ ಒಂದು ಕಬ್ಬಿಣದ ಜಾಲರಿ ಇದೆ. ರಸ್ತೆಯ ನೀರೆಲ್ಲ ಅಲ್ಲಿ ಇಳಿದು, ಒಂದು ಕೊಳವೆಯಲ್ಲಿ ಹೋಗಿ, ದಡದ ಹುಲ್ಲು ಮತ್ತು ಜೊಂಡಿನ ಮೇಲೆ ಹರಡಿ ಕೆರೆ ಸೇರುತ್ತದೆ. ಈ ವರ್ಷದ ಮೊದಲ ಮಳೆ ಬಂದಾಗ ಛತ್ರಿ ಹಿಡಿದು ಹೋಗಿ, ಜಾಲರಿಗೆ ಬೀಳುವ ನೀರನ್ನು ಒಂದು ಬಿಳಿ ಬಕೆಟ್ಟಿನಲ್ಲಿ ಹಿಡಿದೆ. ನೀರು ಬೂದು ಕಪ್ಪು. ಮೇಲೆ ಎಣ್ಣೆಯ ಬಣ್ಣದ ಪೊರೆ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೀರು ಬಸಿದರೆ ತಳದಲ್ಲಿ ಸಣ್ಣ ಕಪ್ಪು ಪುಡಿ. ಬೆರಳಿನಿಂದ ಉಜ್ಜಿದೆ. ಮಣ್ಣಿನ ಹಾಗೆ ಕರಗಲಿಲ್ಲ, ಅಳಿಸುವ ರಬ್ಬರಿನ ಚೂರಿನ ಹಾಗೆ ಸುರುಳಿ ಸುತ್ತಿಕೊಂಡಿತು. ಅದರಲ್ಲಿ ಟೈರಿನ ಸವೆತವೂ ಇದೆ ಅಂತ ನನಗೆ ಅನುಮಾನವೇ ಉಳಿಯಲಿಲ್ಲ.

ಟೈರು ಬಿರುಕು ಬಿಡದಿರಲಿ ಅಂತ ಅದರಲ್ಲಿ 6ಪಿಪಿಡಿ ಅನ್ನುವ ರಾಸಾಯನಿಕ ಹಾಕುತ್ತಾರೆ. ಅದು ಗಾಳಿಯ ಓಝೋನ್ ತಾಗಿ ಬೇರೊಂದು ವಿಷವಾಗುತ್ತದೆ. ಅಮೆರಿಕದ ವಾಯವ್ಯ ಕರಾವಳಿಯ ನಗರಗಳ ತೊರೆಗಳಲ್ಲಿ ಮಳೆ ಬಂದಾಗೆಲ್ಲ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಕಾರಣ ಏನೆಂದು ವರ್ಷಗಟ್ಟಲೆ ಹುಡುಕಿದರು. ಟೈರಿನಿಂದ ಬರುವ ಈ ವಿಷವೇ ಅಂತ 2020ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ನಮ್ಮ ಕೆರೆಯಲ್ಲಿ ಆ ಮೀನು ಇಲ್ಲ, ಇಲ್ಲಿ ಹಾಗೇ ಆಗುತ್ತಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಟೈರು ಅಷ್ಟು ದಿನ ಎಲ್ಲರ ಕಣ್ಣೆದುರೇ ಓಡುತ್ತಿತ್ತು, ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ. ಮುಂದೆ ಎಲ್ಲರೂ ಕರೆಂಟಿನ ಕಾರು ಕೊಂಡರೂ ಟೈರು ಸವೆಯುವುದು ನಿಲ್ಲುವುದಿಲ್ಲ.

ಅಗಲ ಮಾಡಲು ಕೇಳಿರುವ ಎರಡು ಮೀಟರ್ ಯಾವುದು ಗೊತ್ತಾ? ಅದೇ ಹುಲ್ಲು ಮತ್ತು ಜೊಂಡಿನ ಪಟ್ಟಿ. ಕೊಳೆ ನೀರಿನ ವೇಗ ತಗ್ಗಿಸಿ, ಪುಡಿಯನ್ನು ಅಲ್ಲೇ ಹಿಡಿದಿಟ್ಟು, ಸ್ವಲ್ಪವಾದರೂ ಸೋಸಿ ಕೆರೆಗೆ ಬಿಡುವುದು ಅದೊಂದೇ. ಅದರ ಮೇಲೆ ಟಾರು ಹಾಕಿದರೆ ಕೊಳೆಯೂ ಹೆಚ್ಚಾಯಿತು, ಸೋಸುವುದೂ ಹೋಯಿತು. ಮಳೆಗಾಲದ ರಾತ್ರಿ ಕಪ್ಪೆಗಳು ಆ ಜೊಂಡಿನಿಂದ ಎದ್ದು ರಸ್ತೆ ದಾಟುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಟಾರಿಗೆ ಅಂಟಿಕೊಂಡಿರುತ್ತವೆ. ನನ್ನ ಮಗಳು ಶಾಲೆಗೆ ಹೋಗುವಾಗ ಆ ಕಡೆ ನೋಡದೆ ನಡೆಯುವುದನ್ನು ಕಲಿತಿದ್ದಾಳೆ.

ಇಷ್ಟೆಲ್ಲ ಇರುವಾಗ ‘ಸಣ್ಣ ಕಾಮಗಾರಿ, ಪರಿಶೀಲನೆ ಬೇಡ’ ಅನ್ನುವ ತಿದ್ದುಪಡಿ ನನಗೆ ರಸ್ತೆಗಿಂತ ದೊಡ್ಡ ಚಿಂತೆ. ರಸ್ತೆ ಒಂದು, ನಿಯಮ ಇಡೀ ನಗರಕ್ಕೆ. ಇಷ್ಟು ಉದ್ದಕ್ಕಿಂತ ಕಡಿಮೆ ಇದ್ದರೆ ಪರಿಶೀಲನೆ ಇಲ್ಲ ಅಂದರೆ ಮುಂದೆ ಏನಾಗುತ್ತದೆ ಅನ್ನುವುದು ಪರಿಸರ ಕಾನೂನಿನವರಿಗೆಲ್ಲ ಗೊತ್ತಿರುವ ಕತೆ. ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ ಒಂದೊಂದು ತುಂಡೂ ಮಿತಿಯ ಕೆಳಗೆ ಬರುವಂತೆ ಮಾಡುತ್ತಾರೆ. ಈ ವರ್ಷ ಎರಡು ಮೀಟರ್, ಇನ್ನೆರಡು ವರ್ಷಕ್ಕೆ ಆ ತುದಿ, ಆಮೇಲೆ ಪಾರ್ಕಿಂಗ್. ಪ್ರತಿ ತುಂಡೂ ಸಣ್ಣದೇ. ಕೆರೆಗೆ ಮಾತ್ರ ಎಲ್ಲ ತುಂಡೂ ಸೇರಿಯೇ ಬೀಳುವುದು. ಅಮೆರಿಕದ ಪರಿಸರ ನೀತಿ ಕಾನೂನಿಗೆ 1970ರ ಜನವರಿ 1ರಂದು ಸಹಿ ಬಿತ್ತು. ಅಲ್ಲಿಂದ ಶುರುವಾಗಿ ಒಂದೊಂದೇ ದೇಶ ‘ಮೊದಲು ಪರಿಣಾಮ ನೋಡು, ಆಮೇಲೆ ನಿರ್ಧಾರ ಮಾಡು’ ಅನ್ನುವ ಕ್ರಮ ತಂದುಕೊಂಡಿತು. ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ದೇಶಗಳು ಒಪ್ಪಿದ 1992ರ ರಿಯೊ ಘೋಷಣೆಯ 10ನೇ ತತ್ವ, ಪರಿಸರದ ವಿಷಯದಲ್ಲಿ ಜನರಿಗೆ ಮಾಹಿತಿ ಸಿಗಬೇಕು, ನಿರ್ಧಾರದಲ್ಲಿ ಪಾಲು ಇರಬೇಕು ಅನ್ನುತ್ತದೆ. 15ನೆಯದು, ಸರಿಪಡಿಸಲಾಗದ ಹಾನಿಯ ಭಯ ಇರುವ ಕಡೆ ಪೂರ್ತಿ ಪುರಾವೆ ಸಿಕ್ಕಿಲ್ಲ ಅಂತ ತಡೆಯುವ ಕೆಲಸ ಮುಂದೂಡಬೇಡಿ ಅನ್ನುತ್ತದೆ.

ಮಾಹಿತಿಯ ಮಾತು ಬಂತು, ಹೇಳಿಬಿಡುತ್ತೇನೆ. ನಿಮ್ಮ ಮುಂದಿಟ್ಟ ಸಮೀಕ್ಷೆಯ ವರದಿ ನಮ್ಮ ಕೈಗೆ ಸಿಕ್ಕಿದ್ದು ಸಭೆಯ ಹಿಂದಿನ ರಾತ್ರಿ. ಗಾಡಿ ಎಣಿಸಿದ ದಿನಾಂಕ ನೋಡಿದರೆ ಶಾಲೆಗಳಿಗೆ ರಜೆ ಇದ್ದ ವಾರ. ರಾತ್ರಿಯ ಸದ್ದಿನ ಬಗ್ಗೆ ಒಂದು ಸಾಲೂ ಇಲ್ಲ. ರಸ್ತೆ ಸದ್ದು ರಾತ್ರಿ ಸರಾಸರಿ 45 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಸಲಹೆ ಕೊಟ್ಟಿದೆ, ನಮ್ಮಲ್ಲಿ ಎಷ್ಟಿದೆ ಅಂತ ಯಾರೂ ಅಳೆದಿಲ್ಲ. ನಕ್ಷೆಯಲ್ಲಿ ಕೆರೆಯ ದಡ ಖಾಲಿ ಬಿಳಿ ಜಾಗ. ಜೊಂಡು ಇಲ್ಲ, ಕೊಳವೆಯ ಬಾಯಿ ಇಲ್ಲ, ಜಾಲರಿ ಇಲ್ಲ. ವರದಿ ಬರೆದವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರು ಬಂದು ನಿಂತು ನೋಡಿಲ್ಲ ಅಂತ ಮಾತ್ರ ಖಂಡಿತ ಹೇಳುತ್ತೇನೆ.

ಸಭೆ ಮುಗಿದ ಮೇಲೆ ನಿಮ್ಮಲ್ಲೊಬ್ಬರು ಸೌಜನ್ಯದಿಂದಲೇ ‘ನಮ್ಮದು ಬರೀ ಸಲಹೆ, ತೀರ್ಮಾನ ಮೇಲಿನವರದು’ ಅಂದರು. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಮೇಲಿನವರು ನಮ್ಮ ರಸ್ತೆಗೆ ಬರುವುದಿಲ್ಲ. ಅವರ ಮೇಜಿಗೆ ಹೋಗುವ ಫೈಲಿನ ಮೊದಲ ಪುಟ ನಿಮ್ಮದು. ಅದರಲ್ಲಿ ‘ಪ್ರವೇಶ’ ಅಂತ ಬರೆದರೆ ಅವರು ಪ್ರವೇಶ ಅಂತಲೇ ಓದುತ್ತಾರೆ, ‘ಹಾದುಹೋಗುವ ಗಾಡಿಗಳು’ ಅಂತ ಬರೆದರೆ ಹಾಗೆ ಓದುತ್ತಾರೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಕಂಬವನ್ನು ಮೊದಲು ಆರು ತಿಂಗಳ ಮಟ್ಟಿಗೆ ತೆಗೆಯಬಹುದಾದ ಹಾಗೆ ಇಡಲು ಶಿಫಾರಸು ಮಾಡಿ. ಸ್ಟಾಕ್‌ಹೋಮ್ ನಗರ 2006ರಲ್ಲಿ ಒಳಗೆ ಬರುವ ಕಾರುಗಳ ಶುಲ್ಕವನ್ನು ಕಾಯಂ ಮಾಡುವ ಮುಂಚೆ ಹೀಗೇ ಮಾಡಿತು. ಜನವರಿಯಿಂದ ಜುಲೈವರೆಗೆ ಪ್ರಯೋಗ, ಆಮೇಲೆ ಸೆಪ್ಟೆಂಬರ್‌ನಲ್ಲಿ ಜನಮತ. ಶುರುವಿನಲ್ಲಿ ಜಾಸ್ತಿ ಜನ ವಿರೋಧವಾಗಿದ್ದರು. ಗಾಡಿಗಳು ಐದರಲ್ಲಿ ಒಂದು ಪಾಲು ಕಡಿಮೆಯಾದದ್ದನ್ನು ಕಣ್ಣಾರೆ ಕಂಡ ಮೇಲೆ ನಗರದವರು ಪರವಾಗಿ ಮತ ಹಾಕಿದರು, 2007ರಲ್ಲಿ ಅದು ಕಾಯಂ ಆಯಿತು. ನಮ್ಮಲ್ಲಿ ಪ್ರಯೋಗ ಮಾಡಿ ನೋಡಿ ಬೇಡ ಅನಿಸಿದರೆ ಕಂಬ ಕೀಳುವುದು ಅರ್ಧ ದಿನದ ಕೆಲಸ. ಜೊಂಡು ಕಿತ್ತು ಟಾರು ಹಾಕಿದರೆ ವಾಪಸ್ ತರುವುದು ಯಾರಿಂದ ಆಗುತ್ತೆ?

ಪ್ರಯೋಗಕ್ಕೆ ಮುಂಚೆ ಮತ್ತು ಆಮೇಲೆ, ಶಾಲೆ ನಡೆಯುವ ದಿನಗಳಲ್ಲಿ, ನಮ್ಮ ರಸ್ತೆಯಲ್ಲೂ ಪಕ್ಕದ ರಸ್ತೆಗಳಲ್ಲೂ ಗಾಡಿ, ವೇಗ, ರಾತ್ರಿಯ ಸದ್ದು, ಕೊಳವೆಯ ಬಾಯಿಯ ನೀರು ಇವನ್ನು ಅಳೆಯಿಸಿ, ಅಂಕಿಗಳನ್ನು ಸಭೆಗೆ ಎರಡು ವಾರ ಮುಂಚೆ ಎಲ್ಲರಿಗೂ ಸಿಗುವಂತೆ ಮಾಡಿ. ನಿಯಮ ಸಡಿಲಿಸುವ ಪ್ರಸ್ತಾಪವನ್ನು ಈ ರಸ್ತೆಯ ವಿಷಯದಿಂದ ಬೇರೆ ಮಾಡಿ, ಅದಕ್ಕೆ ಬೇರೆಯೇ ಸಭೆ ಕರೆಯಿರಿ. ನೀರಿನ ಹತ್ತಿರ ನಡೆಯುವ ಯಾವ ಕೆಲಸಕ್ಕೂ, ಎಷ್ಟೇ ಸಣ್ಣದಿರಲಿ, ವಿನಾಯಿತಿ ಬೇಡ ಅಂತ ಬರೆಯಿರಿ. ಒಂದು ಸಭೆಯನ್ನಾದರೂ ಸಂಜೆ ಇಡಿ. ಕೆಲಸಕ್ಕೆ ಹೋಗುವವರು, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು ಮಧ್ಯಾಹ್ನ ಬರಲಾಗುವುದಿಲ್ಲ. ಕೊನೆಗೆ ನೀವು ಏನೇ ಸಲಹೆ ಕೊಟ್ಟರೂ ಕಾರಣ ಬರೆದು ಕೊಡಿ. ನಮ್ಮ ವಿರುದ್ಧ ಇದ್ದರೂ ಪರವಾಗಿಲ್ಲ, ಕಾರಣ ಓದಿ ಅರ್ಥ ಮಾಡಿಕೊಳ್ಳುತ್ತೇವೆ.

ಅದಕ್ಕೂ ಮೊದಲು ಒಂದು ಸಲ ಬನ್ನಿ. ಯಾವುದಾದರೂ ಕೆಲಸದ ದಿನ, ಬೆಳಿಗ್ಗೆ ಎಂಟಕ್ಕೆ. ಕಾರನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ ನಡೆದು ಬನ್ನಿ. ನನ್ನ ಎರಡು ಪುಟದ ಎಣಿಕೆ ಇದೆ, ಬಕೆಟ್ಟಿನ ತಳದ ಪುಡಿಯನ್ನು ಒಂದು ಸೀಸೆಯಲ್ಲಿ ಹಾಕಿ ಇಟ್ಟಿದ್ದೇನೆ, ಎರಡನ್ನೂ ಕೊಡುತ್ತೇನೆ. ಆಮೇಲೆ ನಮ್ಮ ಗೇಟಿನಿಂದ ಅಜ್ಜಿಯ ಮನೆವರೆಗೆ ನಿಮ್ಮಲ್ಲಿ ಯಾರಾದರೂ ಒಬ್ಬರು ಅಪ್ಪನ ಗಾಲಿಕುರ್ಚಿ ತಳ್ಳಿಕೊಂಡು ರಸ್ತೆ ದಾಟಿ ನೋಡಿ. ಅಪ್ಪ ಒಪ್ಪಿದ್ದಾರೆ. ಅಜ್ಜಿಗೂ ಹೇಳಿಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಕೆರೆ ಪಕ್ಕದ ರಸ್ತೆಯ ಒಬ್ಬ ನಿವಾಸಿ